65ನೇ ತಟ್ಟೆ

ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಸಣ್ಣ ಹೋಟೆಲು. ಬೆಳಗ್ಗೆ ಆರು ಗಂಟೆಗೇ ಇಡ್ಲಿಯ ಹಬೆ ಏಳುತ್ತದೆ. ಹತ್ತೂವರೆಗೆಲ್ಲಾ ಇಡ್ಲಿ ಖಾಲಿ. ಗಲ್ಲಾಪೆಟ್ಟಿಗೆ ತೆಗೆದು ಎಣಿಸಿದರೆ 2400 ರೂಪಾಯಿ ಇದೆ. ದಿನಸಿಗೆ ಹಾಕಿದ್ದು 1000 ರೂಪಾಯಿ. ಹಾಗಾದರೆ ಲಾಭ ಎಷ್ಟು?

1400 ಅಂತ ನೀವು ಹೇಳಿದರೆ ನಿಮ್ಮ ಕಳೆಯುವ ಲೆಕ್ಕ ಸರಿಯಾಗಿದೆ. ಆದರೆ ಹೋಟೆಲಿನ ಲೆಕ್ಕ ಬೇರೆ. ಆ 1400 ರೂಪಾಯಿಯನ್ನು ಲಾಭ ಅಂದುಕೊಂಡು ಸೆರಗಿಗೆ ಕಟ್ಟಿಕೊಂಡವರು ಆರು ತಿಂಗಳಲ್ಲಿ ಬಾಗಿಲು ಹಾಕಿದ್ದುಂಟು. "ವ್ಯಾಪಾರ ಚೆನ್ನಾಗೇ ಇತ್ತು ಕಣಮ್ಮ, ದುಡ್ಡು ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ" ಅಂತಾರೆ. ದುಡ್ಡು ಎಲ್ಲಿ ಹೋಗುತ್ತದೆ? ಅದನ್ನೇ ಈಗ ಹುಡುಕೋಣ.

ಮೊದಲು ಒಂದು ಮಾತು. ಹೋಟೆಲು ಅಂದರೆ ನಮಗೆ ತಿಂಡಿ, ಊಟ, ಕಾಫಿ ಸಿಗುವ ಜಾಗ. ಹೊರದೇಶದವರಿಗೆ ಹೋಟೆಲು ಅಂದರೆ ಮಲಗುವ ಜಾಗ. ಅದಕ್ಕೆ ನಾವು ಲಾಡ್ಜು ಅಂತೀವಿ. ಉಡುಪಿ ಕಡೆಯವರು ಬೆಂಗಳೂರು, ಮುಂಬಯಿ, ಚೆನ್ನೈಗೆ ಹೋಗಿ ಹೋಟೆಲು ಇಟ್ಟರು, ಹೆಸರು ಮಾಡಿದರು. ಧಾರವಾಡ, ವಿಜಯಪುರದ ಕಡೆ ಖಾನಾವಳಿಗಳಿವೆ. ಅಲ್ಲಿ ಜೋಳದ ರೊಟ್ಟಿ ಬಡಿಯುವವರು ಹೆಂಗಸರೇ. ಎಷ್ಟೋ ಖಾನಾವಳಿಗಳನ್ನು ನಡೆಸುವವರೂ ಹೆಂಗಸರೇ. ಹೋಟೆಲು ಇರಲಿ, ಖಾನಾವಳಿ ಇರಲಿ, ಲಾಡ್ಜು ಇರಲಿ, ಒಳಗಿನ ಲೆಕ್ಕದ ದಾರಿ ಒಂದೇ.

ಇಡ್ಲಿಯ ಲೆಕ್ಕ

ನಮ್ಮ ಬಸ್ ನಿಲ್ದಾಣದ ಹೋಟೆಲಿನ ಒಡತಿಗೆ ಒಂದು ಹೆಸರು ಬೇಕಲ್ಲ? ಸುಮ್ಮನೆ 'ಅಕ್ಕ' ಅನ್ನೋಣ. ಇದು ನಿಜವಾದ ಹೋಟೆಲಲ್ಲ. ಲೆಕ್ಕ ಕಲಿಯಲು ನಾವು ಕಟ್ಟಿಕೊಂಡ ಹೋಟೆಲು. ಬೆಲೆಗಳೂ ಲೆಕ್ಕಕ್ಕೆ ಇಟ್ಟುಕೊಂಡ ಬೆಲೆಗಳೇ. ನೀವು ನಿಮ್ಮ ಊರಿನ ಸಂತೆಯ ಬೆಲೆ ಹಾಕಿ ನೋಡಿ.

ಅಕ್ಕ ರಾತ್ರಿ 3 ಕಿಲೋ ಅಕ್ಕಿ, 1 ಕಿಲೋ ಉದ್ದಿನಬೇಳೆ ನೆನೆಹಾಕಿ ರುಬ್ಬುತ್ತಾಳೆ. ಅದರಲ್ಲಿ ಸುಮಾರು 160 ಇಡ್ಲಿ ಆಗುತ್ತದೆ. ತಟ್ಟೆಗೆ ಎರಡರಂತೆ 80 ತಟ್ಟೆ. ಅಕ್ಕಿ, ಉದ್ದಿಗೆ 265 ರೂಪಾಯಿ. ಚಟ್ನಿಯ ಕಾಯಿ, ಹುರಿಗಡಲೆ, ಮೆಣಸಿನಕಾಯಿಗೆ 350. ಸಾಂಬಾರಿನ ತೊಗರಿಬೇಳೆ, ತರಕಾರಿ, ಪುಡಿ, ಎಣ್ಣೆ, ಹುಣಸೆಹಣ್ಣಿಗೆ 385. ಕೂಡಿದರೆ 1000 ರೂಪಾಯಿ.

ನೋಡಿದಿರಾ? ಇಡ್ಲಿಗಿಂತ ಚಟ್ನಿಗೆ ಹೆಚ್ಚು, ಚಟ್ನಿಗಿಂತ ಸಾಂಬಾರಿಗೆ ಹೆಚ್ಚು. ಗಿರಾಕಿ ದುಡ್ಡು ಕೊಡುವುದು ಇಡ್ಲಿಗೆ. "ಇನ್ನೊಂದು ಚೂರು ಚಟ್ನಿ ಹಾಕಮ್ಮ" ಅಂತ ಕೇಳುವುದು ಮಾತ್ರ ಬಿಟ್ಟಿಗೆ! ಕೊಡದಿದ್ದರೆ ಗಿರಾಕಿ ನಾಳೆ ಬರುವುದಿಲ್ಲ. ಬಕೆಟ್ಟು ತುಂಬ ಕೊಟ್ಟರೆ ಕಾಯಿಯ ದುಡ್ಡು ಹುಟ್ಟುವುದಿಲ್ಲ. ತೆಂಗಿನಕಾಯಿಯ ಬೆಲೆ ಏರಿದಾಗ ಹೋಟೆಲಿನ ಚಟ್ನಿ ತೆಳ್ಳಗಾಗುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ?

ಒಂದು ತಟ್ಟೆಗೆ ಬಿದ್ದ ದಿನಸಿ 12 ರೂಪಾಯಿ 50 ಪೈಸೆ. ಮಾರುವ ಬೆಲೆ 30 ರೂಪಾಯಿ. 80 ತಟ್ಟೆ ಮಾರಿದರೆ 2400. ಇಲ್ಲಿಯವರೆಗೆ ಸರಿ. ಇನ್ನು ದಿನದ ಬೇರೆ ಖರ್ಚು ಬರೆಯೋಣ.

ಗ್ಯಾಸಿಗೆ – 200
ಅಂಗಡಿ ಬಾಡಿಗೆ (ತಿಂಗಳಿಗೆ 6000) – 200
ಕೆಲಸದವಳ ಕೂಲಿ – 400
ಕರೆಂಟು, ನೀರು – 50
ಎಲೆ, ಸೋಪು, ಪೊರಕೆ – 50
ಒಲೆ, ಗ್ರೈಂಡರ್, ಪಾತ್ರೆಯ ಸವಕಳಿ – 20
ಸಂಘದ ಸಾಲದ ಬಡ್ಡಿ – 20

ಒಟ್ಟು 940 ರೂಪಾಯಿ.

ಸವಕಳಿ ಅಂದರೆ ಏನು? ಅಕ್ಕ ಒಲೆ, ಗ್ರೈಂಡರ್, ಪಾತ್ರೆಗೆ 36,000 ಹಾಕಿದ್ದಾಳೆ. ಐದು ವರ್ಷ ಬಾಳಿಕೆ ಬರಬಹುದು. ಐದು ವರ್ಷ ಅಂದರೆ ಸುಮಾರು 1800 ದಿನ. ದಿನಕ್ಕೆ 20 ರೂಪಾಯಿಯಂತೆ ಅವು ಸವೆಯುತ್ತಿವೆ. ಆ 20 ರೂಪಾಯಿ ದಿನವೂ ಬೇರೆ ಡಬ್ಬಿಗೆ ಹೋಗಬೇಕು. ಇಲ್ಲದಿದ್ದರೆ ಗ್ರೈಂಡರ್ ಕೆಟ್ಟ ದಿನ ಮತ್ತೆ ಸಾಲಕ್ಕೆ ಕೈ ಚಾಚಬೇಕು.

ಈಗ 1400ರಲ್ಲಿ 940 ಕಳೆಯಿರಿ. ಉಳಿದದ್ದು 460 ರೂಪಾಯಿ. ಹತ್ತೂವರೆಗೆ 1400 ಅಂತ ಕಂಡದ್ದು ಹನ್ನೊಂದು ಗಂಟೆಗೆ 460 ಆಯಿತು.

ಕೊನೆಯ ಹದಿನಾರು

ಇದನ್ನೇ ಇನ್ನೊಂದು ಕಡೆಯಿಂದ ನೋಡೋಣ. ದಿನದ ಎಲ್ಲಾ ಖರ್ಚು ಸೇರಿಸಿದರೆ 1000 ಮತ್ತು 940, ಅಂದರೆ 1940 ರೂಪಾಯಿ. ಒಂದು ತಟ್ಟೆಗೆ 30 ರೂಪಾಯಿ ಬರುತ್ತದೆ. 64 ತಟ್ಟೆ ಮಾರಿದರೆ 1920 ಬಂತು. ಇನ್ನೂ 20 ರೂಪಾಯಿ ಸಾಲದು. 65ನೇ ತಟ್ಟೆ ಮಾರಿದಾಗ ಖರ್ಚು ಪೂರ್ತಿ ಹುಟ್ಟಿ 10 ರೂಪಾಯಿ ಮಿಕ್ಕಿತು.

ಅಂದರೆ ಏನು? ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಗಿರಾಕಿಗಳು ಮುಗಿಬಿದ್ದು ತಿಂದ 64 ತಟ್ಟೆ ಅಕ್ಕನದಲ್ಲ. ಅದು ಕಿರಾಣಿ ಅಂಗಡಿಯವನದು, ಗ್ಯಾಸಿನವನದು, ಮಾಲೀಕನದು, ಕೆಲಸದವಳದು, ಸಂಘದ್ದು. ಜನ ಕಡಿಮೆಯಾದ ಮೇಲೆ ಒಬ್ಬೊಬ್ಬರೇ ಬಂದು ತಿನ್ನುವ ಕೊನೆಯ ಹದಿನಾರು ತಟ್ಟೆ ಇದೆಯಲ್ಲ, ಅದು ಅಕ್ಕನದು. ಹೋಟೆಲಿನವರು ಕೊನೆಯ ಗಿರಾಕಿಯನ್ನೂ "ಬನ್ನಿ, ಬನ್ನಿ" ಅಂತ ಕರೆಯುವುದು ಬರೀ ಮರ್ಯಾದೆಗಲ್ಲ!

ಇಲ್ಲೇ ಇನ್ನೊಂದು ಅಪಾಯ ಇದೆ. ಒಂದು ದಿನ ಜೋರು ಮಳೆ. ಹತ್ತು ತಟ್ಟೆ ಉಳಿಯಿತು ಅನ್ನಿ. 80ರಲ್ಲಿ 10 ಏನು ಮಹಾ, ಅನ್ನಿಸುತ್ತದೆ. ಆದರೆ ಹೋದದ್ದು 300 ರೂಪಾಯಿ. ಅದು ಅಕ್ಕನ 460ರಲ್ಲೇ ಹೋಯಿತು. ಉಳಿದದ್ದು 160. ಬಾಡಿಗೆಯವನು ಮಳೆ ಬಂತು ಅಂತ ಬಾಡಿಗೆ ಬಿಡುವುದಿಲ್ಲ.

ಜಾಣ ಹೋಟೆಲಿನವರು ಎಲ್ಲಾ ಹಿಟ್ಟನ್ನೂ ಒಟ್ಟಿಗೆ ಬೇಯಿಸುವುದಿಲ್ಲ. ಗಿರಾಕಿ ನೋಡಿಕೊಂಡು ಒಂದೊಂದೇ ಪಾತ್ರೆ ಏರಿಸುತ್ತಾರೆ. ಬೆಂದ ಇಡ್ಲಿ ಸಂಜೆಗೆ ಗಟ್ಟಿ. ಆದರೆ ಉಳಿದ ಹಿಟ್ಟು ತಂಪಿನಲ್ಲಿಟ್ಟರೆ ನಾಳೆ ಪಡ್ಡು ಆಗುತ್ತದೆ, ಉತ್ತಪ್ಪ ಆಗುತ್ತದೆ. ಅಡುಗೆ ಮನೆಯಲ್ಲಿ ನಮಗೆಲ್ಲ ಗೊತ್ತಿರುವ ಉಪಾಯವೇ. ಹೋಟೆಲಿನಲ್ಲಿ ಅದೇ ಉಪಾಯಕ್ಕೆ 300 ರೂಪಾಯಿ ಬೆಲೆ.

ಅಕ್ಕನ ಕೂಲಿ ಎಲ್ಲಿ?

ಮೇಲಿನ ಖರ್ಚಿನ ಪಟ್ಟಿಯನ್ನು ಇನ್ನೊಮ್ಮೆ ಓದಿ. ಗ್ಯಾಸಿಗೆ ಇದೆ. ಪೊರಕೆಗೂ ಇದೆ. ಕೆಲಸದವಳಿಗೆ 400 ಇದೆ. ಅಕ್ಕನಿಗೆ?

ಅಕ್ಕ ನಾಲ್ಕು ಗಂಟೆಗೆ ಎದ್ದವಳು. ಹಿಂದಿನ ಸಂಜೆ ತರಕಾರಿ ತಂದವಳು, ರಾತ್ರಿ ರುಬ್ಬಿದವಳು. ಬೆಳಗ್ಗೆ ಬೇಯಿಸಿ, ಬಡಿಸಿ, ಗಲ್ಲಾ ನೋಡಿಕೊಂಡವಳು. "ನನ್ನದೇನು, ಮನೇಲಿದ್ರೂ ಅದೇ ಕೆಲಸ ತಾನೇ" ಅಂತಾಳೆ. ಗಂಡನೂ ಅದೇ ಅಂತಾನೆ. ಆದರೆ ಅಕ್ಕನಿಗೆ ಜ್ವರ ಬಂದು ಒಂದು ದಿನ ಮಲಗಿದರೆ? ಅಡುಗೆ ಭಟ್ಟರನ್ನು ಕರೆಯಬೇಕು. ಅವರು 700 ರೂಪಾಯಿ ಕೇಳುತ್ತಾರೆ. ಕೊಡಲೇಬೇಕು. ಆ ದಿನ ಅಕ್ಕನ ಕೆಲಸಕ್ಕೆ 700 ರೂಪಾಯಿ ಬೆಲೆ ಇದ್ದರೆ, ಉಳಿದ ದಿನವೂ ಅಷ್ಟೇ ಬೆಲೆ ಇದೆ.

ಅಕ್ಕನ ಕೂಲಿಯನ್ನೂ ಖರ್ಚಿನಲ್ಲಿ ಬರೆಯಿರಿ. 460ರಲ್ಲಿ 700 ಹೋಗುವುದಿಲ್ಲ. 240 ರೂಪಾಯಿ ಕಡಿಮೆ ಬೀಳುತ್ತದೆ. ಹಾಗಾದರೆ ಹೋಟೆಲು ಲಾಭದಲ್ಲಿಲ್ಲ. ದಿನಕ್ಕೆ 240 ರೂಪಾಯಿಯಷ್ಟು ಅಕ್ಕನ ಬೆವರನ್ನು ಬಿಟ್ಟಿಯಾಗಿ ತಿನ್ನುತ್ತಿದೆ. ಮನೆಮಂದಿಯ ದುಡಿಮೆಯ ಮೇಲೆ ನಡೆಯುವ ಎಷ್ಟೋ ಸಣ್ಣ ಹೋಟೆಲುಗಳ ಗುಟ್ಟು ಇದೇ. ಹೊರಗಿನಿಂದ ನೋಡಿದವರಿಗೆ "ಅವರ ವ್ಯಾಪಾರ ಬಲು ಜೋರು" ಅಂತ ಕಾಣುತ್ತದೆ.

ಏನು ಮಾಡಬಹುದು? ಬೆಲೆ ಏರಿಸಬಹುದು. ಆದರೆ ಎದುರಿನ ಗಾಡಿಯವನು 30ಕ್ಕೇ ಕೊಡುತ್ತಿದ್ದರೆ ಗಿರಾಕಿ ಅತ್ತ ಹೋಗುತ್ತಾನೆ. ಇನ್ನೊಂದು ದಾರಿ ಇದೆ. ಇಡ್ಲಿ ತಿಂದವರು ಕಾಫಿ ಕೇಳುತ್ತಾರೆ. ಒಂದು ಲೋಟ ಕಾಫಿಯ ಹಾಲು, ಪುಡಿ, ಸಕ್ಕರೆಗೆ 8 ರೂಪಾಯಿ ಅನ್ನೋಣ. ಮಾರುವುದು 15ಕ್ಕೆ. ಮಿಕ್ಕಿದ್ದು 7. ದಿನಕ್ಕೆ 60 ಕಾಫಿ ಹೋದರೆ 420 ರೂಪಾಯಿ. ಹೆಚ್ಚಿನ ಗ್ಯಾಸಿಗೆ 60 ತೆಗೆಯಿರಿ. 360 ಉಳಿಯಿತು. ಕಾಫಿಗೆ ಬೇರೆ ಬಾಡಿಗೆ ಇಲ್ಲ. ಬೇರೆ ಕೆಲಸದವಳು ಬೇಕಿಲ್ಲ. ಎಲ್ಲಾ ಇಡ್ಲಿಯೇ ಕಟ್ಟಿಬಿಟ್ಟಿದೆ!

460 ಮತ್ತು 360 ಸೇರಿ 820. ಅಕ್ಕನ ಕೂಲಿ 700 ತೆಗೆದರೆ 120 ಉಳಿಯಿತು. ಈ 120 ಇದೆಯಲ್ಲ, ಇದು ಲಾಭ. ಸಣ್ಣ ಮೊತ್ತ ಅನ್ನಿಸಬಹುದು. ಆದರೆ ತಿಂಗಳಿಗೆ 3600 ಆಯಿತು, ಕೂಲಿ ಬೇರೆ ಕೈಗೆ ಬಂತು.

ಅದಕ್ಕೇ ಹೋಟೆಲಿನವರು ತಿಂಡಿ ಮುಗಿದ ಮೇಲೆ ಚಿತ್ರಾನ್ನ ಇಡುತ್ತಾರೆ. ಸಂಜೆ ಬೋಂಡ, ಬಜ್ಜಿ ಕರಿಯುತ್ತಾರೆ. ಬಾಡಿಗೆ ದಿನಪೂರ್ತಿಗೆ ಕಟ್ಟಿದ್ದೀವಿ. ಬೆಳಗ್ಗೆ ನಾಲ್ಕು ಗಂಟೆ ಹೊತ್ತು ಮಾತ್ರ ದುಡಿದರೆ ಉಳಿದ ಹೊತ್ತು ಆ ಗೋಡೆಗಳು ಸುಮ್ಮನೆ ನಿಂತಿರುತ್ತವೆ.

ನಿಂತ ಖರ್ಚು, ನಡೆಯುವ ಖರ್ಚು

ಖರ್ಚಿನಲ್ಲಿ ಎರಡು ಜಾತಿ. ಅಕ್ಕಿ, ಕಾಯಿ, ಹಾಲು ನಡೆಯುವ ಖರ್ಚು. ಮಾಡಿದರೆ ಉಂಟು, ಮಾಡದಿದ್ದರೆ ಇಲ್ಲ. ಬಾಡಿಗೆ, ಬಡ್ಡಿ ನಿಂತ ಖರ್ಚು. ಬಾಗಿಲು ತೆಗೆದರೂ ಕೊಡಬೇಕು, ಹಾಕಿದರೂ ಕೊಡಬೇಕು.

ಇದು ಎಷ್ಟು ಕಠಿಣ ಅಂತ 2020ರಲ್ಲಿ ಎಲ್ಲರಿಗೂ ಗೊತ್ತಾಯಿತು. ಆ ವರ್ಷ ಮಾರ್ಚ್ 25ರಿಂದ ಕೊರೋನ ರೋಗದ ದೆಸೆಯಿಂದ ದೇಶವೆಲ್ಲ ಬೀಗ. ಹೋಟೆಲಿನಲ್ಲಿ ಕೂತು ತಿನ್ನಲು ಮತ್ತೆ ಬಿಟ್ಟದ್ದು ಜೂನ್ 8ರಂದು. ಎರಡೂವರೆ ತಿಂಗಳು ಕುರ್ಚಿ ಖಾಲಿ. ಪಾರ್ಸೆಲ್ ಕೊಟ್ಟು ಕೆಲವರು ಉಸಿರು ಹಿಡಿದುಕೊಂಡರು. ನಡೆಯುವ ಖರ್ಚು ನಿಂತಿತು. ನಿಂತ ಖರ್ಚು ಮಾತ್ರ ನಡೆಯುತ್ತಲೇ ಇತ್ತು. ಎಷ್ಟೋ ಸಣ್ಣ ಹೋಟೆಲುಗಳು ಆಮೇಲೆ ಬಾಗಿಲು ತೆಗೆಯಲೇ ಇಲ್ಲ. ಬಾಗಿಲು ತೆಗೆದು ಉಳಿದವರಲ್ಲಿ ಸ್ವಂತ ಜಾಗ ಇದ್ದವರು, ಸಾಲ ಕಡಿಮೆ ಇದ್ದವರು ಹೆಚ್ಚು. ಹೊಸದಾಗಿ ಹೋಟೆಲು ಹಾಕುವವರು ಮೊದಲ ದಿನವೇ ದೊಡ್ಡ ಜಾಗ, ದೊಡ್ಡ ಅಡ್ವಾನ್ಸ್, ಗ್ರಾನೈಟ್ ಮೇಜು ಅಂತ ಹೊರಡಬಾರದು ಅನ್ನುವುದು ಇದಕ್ಕೇ.

ನಿಂತು ತಿನ್ನುವ ಹೋಟೆಲು

ನಿಂತ ಖರ್ಚನ್ನು ಗೆಲ್ಲಲು ಬೆಂಗಳೂರಿನವರು ಒಂದು ಉಪಾಯ ಕಂಡರು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಅನ್ನುವ ಹೋಟೆಲು ಶುರುವಾಯಿತು. ಅದನ್ನು ರೂಪಿಸಿದವರು ಆರ್. ಪ್ರಭಾಕರ್. ಅಲ್ಲಿ ಕುರ್ಚಿ ಇಲ್ಲ. ಮೊದಲು ದುಡ್ಡು ಕೊಟ್ಟು ಟೋಕನ್ ತಗೋಬೇಕು. ತಟ್ಟೆ ನಾವೇ ತರಬೇಕು. ಎತ್ತರದ ಮೇಜಿನ ಹತ್ತಿರ ನಿಂತು ತಿನ್ನಬೇಕು. ಅಡುಗೆ ಮನೆ ಎದುರಿಗೇ ಕಾಣುತ್ತದೆ. ಆಮೇಲೆ ಊರಿಗೆಲ್ಲ ದರ್ಶಿನಿಗಳು ಬಂದವು. ಹೆಸರಿನ ಕೊನೆಗೆ 'ದರ್ಶಿನಿ' ಅಂತ ಇಟ್ಟುಕೊಂಡವರು ಎಷ್ಟೋ ಮಂದಿ.

ಕುರ್ಚಿ ತೆಗೆದರೆ ಏನು ಲಾಭ? ಕೂತು ತಿನ್ನುವವರು ಅರ್ಧ ಗಂಟೆ ಕೂರುತ್ತಾರೆ. ಕಾಫಿ ಮುಗಿದರೂ ಮಾತು ಮುಗಿಯುವುದಿಲ್ಲ. ನಿಂತು ತಿನ್ನುವವರು ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ನಾಲ್ಕು ಜನ ಕೂರುವ ಜಾಗದಲ್ಲಿ ಎಂಟು ಜನ ನಿಲ್ಲಬಹುದು. ಒಂದು ಗಂಟೆಯಲ್ಲಿ ಕೂರುವ ಜಾಗದಿಂದ 8 ಗಿರಾಕಿ, ನಿಲ್ಲುವ ಜಾಗದಿಂದ 48 ಗಿರಾಕಿ. ಅದೇ ಬಾಡಿಗೆ 48 ತಟ್ಟೆಗಳ ಮೇಲೆ ಹಂಚಿಹೋಗುತ್ತದೆ. ಬಡಿಸುವ ಮಾಣಿಯ ಸಂಬಳವೂ ಉಳಿಯಿತು. ಹಾಗಾಗಿ ತಿಂಡಿಯನ್ನು ಕಡಿಮೆ ಬೆಲೆಗೆ ಕೊಟ್ಟರೂ ಪೂರೈಸುತ್ತದೆ.

ಆದರೆ ಮಂಡಿ ನೋವಿನ ಅಜ್ಜಿ, ಕಂಕುಳಲ್ಲಿ ಕೂಸು ಇರುವ ತಾಯಿ ಹೇಗೆ ನಿಂತು ತಿನ್ನಬೇಕು? ಈ ಲೆಕ್ಕದಲ್ಲಿ ಅವರು ಸೇರಿಲ್ಲ. ಈಗ ಕೆಲವು ದರ್ಶಿನಿಗಳಲ್ಲಿ ಗೋಡೆಯ ಪಕ್ಕ ನಾಲ್ಕು ಕುರ್ಚಿ ಹಾಕಿರುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಹೆಂಗಸರು ಗುಂಪು ಕಟ್ಟಿಕೊಂಡು ಧರ್ಮಸ್ಥಳ, ಕೊಲ್ಲೂರು, ಶೃಂಗೇರಿ ಅಂತ ಹೊರಟರು. ದಾರಿಯಲ್ಲಿ ಅವರು ಎಂಥ ಹೋಟೆಲು ಹುಡುಕುತ್ತಾರೆ? ಕೂರಲು ಜಾಗ, ಕುಡಿಯಲು ನೀರು, ಚಿಲಕ ಸರಿಯಿರುವ ಶೌಚಾಲಯ. ಈ ಮೂರು ಇರುವ ಹೋಟೆಲಿನ ಹೆಸರು ಬಸ್ಸಿನಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆ. ಶೌಚಾಲಯ ತೊಳೆಸುವ ಖರ್ಚು ದಂಡ ಅಂತ ತಿಳಿದ ಹೋಟೆಲಿನವರಿಗೆ ಈ ಗಿರಾಕಿಗಳು ಸಿಗುವುದಿಲ್ಲ.

ಬಾಗಿಲು ಮುಚ್ಚಿದಾಗ ಪುಡಿ ಮಾರಿದವರು

ಬೆಂಗಳೂರಿನ ಲಾಲ್‌ಬಾಗಿನ ಹತ್ತಿರ ಮಾವಳ್ಳಿ ಟಿಫಿನ್ ರೂಮ್ಸ್ ಇದೆ. ಜನ ಎಂ.ಟಿ.ಆರ್. ಅಂತಾರೆ. 1924ರಲ್ಲಿ ಉಡುಪಿ ಕಡೆಯಿಂದ ಬಂದ ಮಯ್ಯ ಕುಟುಂಬದ ಅಣ್ಣತಮ್ಮಂದಿರು ಶುರುಮಾಡಿದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ಅವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಅದೇ ಇಂದಿನ ರವೆ ಇಡ್ಲಿ.

1975ರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಬಂತು. ಹೋಟೆಲಿನ ತಿಂಡಿಯ ಬೆಲೆ ಇಳಿಸಬೇಕು ಅಂತ ಸರ್ಕಾರ ಕಟ್ಟು ಮಾಡಿತು. ಆ ಬೆಲೆಗೆ ಕೊಟ್ಟರೆ ದಿನವೂ ನಷ್ಟ. ತುಪ್ಪ ಕಡಿಮೆ ಮಾಡಿದರೆ ರುಚಿ ಹೋಗುತ್ತದೆ, ಹೆಸರು ಹೋಗುತ್ತದೆ. ಎಂ.ಟಿ.ಆರ್. ಹೋಟೆಲು ಬಾಗಿಲು ಹಾಕಿತು. ಆದರೆ ಕೈಯಲ್ಲಿ ಕಸುಬು ಇತ್ತಲ್ಲ? ಸಾಂಬಾರ್ ಪುಡಿ, ರವೆ ಇಡ್ಲಿ ಹಿಟ್ಟು ಪೊಟ್ಟಣ ಕಟ್ಟಿ ಮಾರತೊಡಗಿದರು. ಕೆಲವು ವರ್ಷಗಳ ಮೇಲೆ ಹೋಟೆಲು ಮತ್ತೆ ತೆರೆಯಿತು. ಪೊಟ್ಟಣದ ವ್ಯಾಪಾರವಂತೂ ಎಷ್ಟು ಬೆಳೆಯಿತೆಂದರೆ, 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಅನ್ನುವ ಕಂಪನಿ ಅದನ್ನು ಕೊಂಡುಕೊಂಡಿತು. ಹೋಟೆಲು ಮಯ್ಯ ಕುಟುಂಬದ ಕೈಯಲ್ಲೇ ಉಳಿಯಿತು.

ಬೆಂದ ಇಡ್ಲಿಗೆ ಒಂದು ಹೊತ್ತಿನ ಆಯಸ್ಸು. ಪುಡಿಗೆ ಕೆಲವು ತಿಂಗಳ ಆಯಸ್ಸು. ಮಳೆ ಬಂದರೂ ಅದು ಕೆಡುವುದಿಲ್ಲ, ನಾಳೆ ಮಾರಬಹುದು. ಖಾನಾವಳಿಯ ಹೆಂಗಸರು ಶೇಂಗಾ ಚಟ್ನಿಪುಡಿ, ಕಡಕ್ ರೊಟ್ಟಿ ಕಟ್ಟಿ ಗಲ್ಲಾದ ಪಕ್ಕ ಇಡುವುದೂ ಇದೇ ಲೆಕ್ಕದಿಂದ.

ಇಂದಿನ ಕೋಣೆ ನಾಳೆಗಿಲ್ಲ

ಈಗ ಲಾಡ್ಜಿಗೆ ಬರೋಣ. ಹತ್ತು ಕೋಣೆಯ ಒಂದು ಲಾಡ್ಜು. ಕೋಣೆಗೆ 800 ರೂಪಾಯಿ. ಇವತ್ತು ರಾತ್ರಿ ಆರು ಕೋಣೆ ತುಂಬಿತು, ನಾಲ್ಕು ಖಾಲಿ. ಆ ನಾಲ್ಕನ್ನು ನಾಳೆ ಮಾರಲು ಆಗುತ್ತದೆಯೇ? ನಾಳೆ ಹದಿನಾಲ್ಕು ಕೋಣೆ ಇರುವುದಿಲ್ಲ, ಹತ್ತೇ ಇರುತ್ತದೆ. ಇವತ್ತಿನ ರಾತ್ರಿ ಹೋದರೆ ಹೋಯಿತು. ಉಳಿದ ಹಿಟ್ಟಾದರೆ ಪಡ್ಡು ಮಾಡಬಹುದು. ಉಳಿದ ಕೋಣೆಯಲ್ಲಿ ಪಡ್ಡು ಆಗುವುದಿಲ್ಲ!

ರಾತ್ರಿ ಹತ್ತು ಗಂಟೆಗೆ ಒಬ್ಬರು ಬಂದು "500ಕ್ಕೆ ಕೊಡ್ತೀರಾ?" ಅಂತ ಕೇಳಿದರು ಅನ್ನಿ. ಹಾಸಿಗೆ ಬಟ್ಟೆ ಒಗೆಯಲು, ಕಸ ಗುಡಿಸಲು, ನೀರಿಗೆ 150 ಖರ್ಚು. ಕೊಟ್ಟರೆ 350 ಉಳಿಯುತ್ತದೆ. ಕೊಡದಿದ್ದರೆ ಏನೂ ಇಲ್ಲ. ಲಾಡ್ಜಿನವರು ಕೊಡುತ್ತಾರೆ. ಆದರೆ ದಿನವೂ ಹೀಗೆ ಕೊಟ್ಟರೆ ಗಿರಾಕಿಗಳು ಹತ್ತು ಗಂಟೆಯವರೆಗೆ ಬಸ್ ನಿಲ್ದಾಣದಲ್ಲೇ ಕೂತು ಕಾಯುತ್ತಾರೆ. ಹೀಗಾಗಿ ಇದರಲ್ಲಿ ಮುಖ ನೋಡಿ, ದಿನ ನೋಡಿ ಹೇಳುವ ಚಾಕಚಕ್ಯತೆ ಬೇಕು. ಮೈಸೂರಿನಲ್ಲಿ ದಸರಾ ಬಂದರೆ ಕೋಣೆಯ ಬೆಲೆ ಏರುವುದು, ಮಳೆಗಾಲದಲ್ಲಿ ಗೋಕರ್ಣದ ಕಡಲತೀರದ ಕೋಣೆಗಳ ಬೆಲೆ ಇಳಿಯುವುದು ಈ ಕಾರಣಕ್ಕೇ. ಹಬ್ಬದ ಹತ್ತು ದಿನದ ಆದಾಯ ಉಳಿದ ಖಾಲಿ ದಿನಗಳ ಬಾಡಿಗೆ ಕಟ್ಟಬೇಕು.

ಕೊಡಗು, ಚಿಕ್ಕಮಗಳೂರು ಕಡೆ ಹೋಂಸ್ಟೇಗಳು ಹೆಚ್ಚಾಗಿವೆ. ಮನೆಯ ಎರಡು ಕೋಣೆಯನ್ನು ಪ್ರವಾಸಿಗಳಿಗೆ ಕೊಡುವುದು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಅಲ್ಲಿ ಬಾಡಿಗೆ ಇಲ್ಲ, ಸ್ವಂತ ಮನೆ. ಹಾಗಾಗಿ ಲಾಭ ಬೇಗ ಕಾಣುತ್ತದೆ. ಆದರೆ ಅಕ್ಕಿ ರೊಟ್ಟಿ ತಟ್ಟುವವರು ಯಾರು? ಹಾಸಿಗೆ ಬಟ್ಟೆ ಒಗೆಯುವವರು ಯಾರು? ರಾತ್ರಿ ಹನ್ನೊಂದಕ್ಕೆ ಬಂದವರಿಗೆ ಬಿಸಿನೀರು ಕಾಯಿಸುವವರು ಯಾರು? ದುಡ್ಡು ಯಾರ ಖಾತೆಗೆ ಬೀಳುತ್ತದೆ? ಇಲ್ಲೂ ಮನೆಯೊಡತಿಯ ಕೂಲಿ ಬರೆಯದೆ ಲಾಭ ಬರೆಯುತ್ತಾರೆ.

ಈಗ ಫೋನಿನಲ್ಲೇ ಕೋಣೆ ಹಿಡಿಯುವ, ತಿಂಡಿ ತರಿಸುವ ಕಂಪನಿಗಳಿವೆ. ಗಿರಾಕಿ ತಂದುಕೊಡುತ್ತಾರೆ, ಕಮಿಷನ್ ಹಿಡಿಯುತ್ತಾರೆ. ನೂರಕ್ಕೆ 20, 25 ರೂಪಾಯಿ ಹೋಗುವುದೂ ಉಂಟು. 30 ರೂಪಾಯಿಯ ಇಡ್ಲಿಯಲ್ಲಿ ನೂರಕ್ಕೆ 25ರಂತೆ 7 ರೂಪಾಯಿ 50 ಪೈಸೆ ಹೋಯಿತು. ಹೋಟೆಲಿಗೆ ಬಂದದ್ದು 22 ರೂಪಾಯಿ 50 ಪೈಸೆ. ಆಗ 65ನೇ ತಟ್ಟೆ ಸಾಲದು. ಎಲ್ಲವನ್ನೂ ಹೀಗೇ ಮಾರಿದರೆ 87 ತಟ್ಟೆ ಬೇಕು. ನಮ್ಮ ಅಕ್ಕ ಮಾಡುವುದೇ 80! ಉಳಿದುಹೋಗಲಿದ್ದ ಕೊನೆಯ ನಾಲ್ಕು ತಟ್ಟೆಯನ್ನು ಹೀಗೆ ಮಾರಿದರೆ ಒಳ್ಳೆಯದು. ಹೋಟೆಲಿಗೇ ಬರುತ್ತಿದ್ದ ಗಿರಾಕಿಯೂ ಮನೆಯಲ್ಲೇ ಕೂತು ಫೋನು ಒತ್ತಿದರೆ ನಷ್ಟ.

ಉದ್ರಿ ಮತ್ತು ಫೋನಿನ ದುಡ್ಡು

ಹಳೆಯ ಹೋಟೆಲುಗಳಲ್ಲಿ ಗಲ್ಲಾದ ಮೇಲೆ 'ಇಂದು ನಗದು, ನಾಳೆ ಸಾಲ' ಅಂತ ಬೋರ್ಡು ಇರುತ್ತದೆ. ನೀವೂ ಓದಿರಬಹುದು. ಜಿಪುಣತನ ಅನ್ನಬೇಡಿ. ಕೊನೆಯ ಹದಿನಾರು ತಟ್ಟೆ ಮಾತ್ರ ಅಕ್ಕನದು ಅಂತ ನೋಡಿದೆವಲ್ಲ? ದಿನಕ್ಕೆ ಎಂಟು ಜನ ಉದ್ರಿ ಹೇಳಿ ಹೋದರೆ ಅರ್ಧ ದುಡಿಮೆ ಪುಸ್ತಕದಲ್ಲೇ ಉಳಿಯಿತು. ಕೊಡುವವರಿಗೆ ಕೊಡಿ, ಆದರೆ ಅವರ ಎದುರಿಗೇ ಬರೆದುಕೊಳ್ಳಿ. ಹೆಸರು, ತಾರೀಕು, ಮೊತ್ತ.

ಈಗ ಬಹಳ ಜನ ಫೋನಿನಲ್ಲೇ ದುಡ್ಡು ಹಾಕುತ್ತಾರೆ. ಚಿಲ್ಲರೆ ತಾಪತ್ರಯ ಇಲ್ಲ. ಆದರೆ 2025ರ ಜುಲೈ ಸುಮಾರಿಗೆ ಒಂದು ಗಲಿಬಿಲಿ ಆಯಿತು. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಫೋನಿನ ಮೂಲಕ ಖಾತೆಗೆ ಬಂದ ದುಡ್ಡನ್ನು ಕೂಡಿಸಿ, 'ಇಷ್ಟು ವ್ಯಾಪಾರ ಮಾಡಿದ್ದೀರಿ, ನೋಂದಣಿ ಯಾಕೆ ಮಾಡಿಸಿಲ್ಲ?' ಅಂತ ಕೇಳಿತು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು ಅನ್ನುವುದು ಆಗ ಇಲಾಖೆ ಹೇಳಿದ ಮಿತಿ. ಹೋಟೆಲಿನಲ್ಲಿ ತಿಂಡಿ ಬಡಿಸುವುದು ಸೇವೆಯ ಲೆಕ್ಕಕ್ಕೆ ಬರುತ್ತದೆ. ಜನ ಹೆದರಿದರು. ಕೆಲವು ಅಂಗಡಿಗಳಲ್ಲಿ ಫೋನಿನ ಚೀಟಿ ಕಿತ್ತು 'ನಗದು ಮಾತ್ರ' ಅಂತ ಬರೆದು ಅಂಟಿಸಿದರು.

ನಮ್ಮ ಅಕ್ಕನ ಲೆಕ್ಕ ಹಾಕಿ. ಇಡ್ಲಿಯಿಂದ 2400, ಕಾಫಿಯಿಂದ 900. ದಿನಕ್ಕೆ 3300. ವರ್ಷದಲ್ಲಿ 360 ದಿನ ಅಂದರೆ 11 ಲಕ್ಷ 88 ಸಾವಿರ. 20 ಲಕ್ಷ ಆಗಲಿಲ್ಲ. ಹೆದರಬೇಕಾದ್ದಿಲ್ಲ. ಆದರೆ ತಮ್ಮ ಕಳಿಸಿದ ದುಡ್ಡು, ಸಂಘದ ಸಾಲ, ಹಸು ಮಾರಿದ ದುಡ್ಡು ಎಲ್ಲಾ ಅದೇ ಖಾತೆಗೆ ಬಿದ್ದಿದ್ದರೆ? ಯಾವುದು ಇಡ್ಲಿಯ ದುಡ್ಡು, ಯಾವುದು ಹಸುವಿನ ದುಡ್ಡು ಅಂತ ಫೋನು ಹೇಳುವುದಿಲ್ಲ. ನಿಮ್ಮ ಪುಸ್ತಕ ಹೇಳಬೇಕು. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಇನ್ನೊಂದು ಖಾತೆ ಇದ್ದರೆ ಇನ್ನೂ ಸುಲಭ.

ಇನ್ನೆರಡು ಕಾಗದದ ಮಾತು. ತಿಂಡಿ ಮಾರುವವರು, ಗಾಡಿ ಇಟ್ಟವರೂ ಸೇರಿ, 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಹೆಸರು ನೋಂದಾಯಿಸಬೇಕು. 14 ಅಂಕಿಯ ನಂಬರು ಕೊಡುತ್ತಾರೆ. ಅದನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ಗ್ಯಾಸಿನ ವಿಷಯವೂ ಹಾಗೇ. ಮನೆಯ ಕೆಂಪು ಸಿಲಿಂಡರ್ 14.2 ಕಿಲೋ, ಹೋಟೆಲಿನದು 19 ಕಿಲೋ. ಅಗ್ಗ ಅಂತ ಮನೆಯ ಸಿಲಿಂಡರನ್ನು ಹೋಟೆಲಿನಲ್ಲಿ ಹಚ್ಚಿದರೆ ಅಪರಾಧ. ಹಿಡಿದರೆ ಸಿಲಿಂಡರೂ ಹೋಗುತ್ತದೆ, ದಂಡವೂ ಬೀಳುತ್ತದೆ.

ಪುಸ್ತಕ ಬರೆಯುವುದು ದೊಡ್ಡ ಕೆಲಸವಲ್ಲ. ಮಕ್ಕಳ ಹಳೆಯ ನೋಟ್ ಬುಕ್ಕಿನ ಉಳಿದ ಹಾಳೆಗಳೇ ಸಾಕು. ದಿನಕ್ಕೆ ಒಂದು ಹಾಳೆ. ಮೇಲೆ ತಾರೀಕು, ವಾರ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ಹೋದದ್ದರಲ್ಲಿ ನಿಮ್ಮ ಕೂಲಿಯನ್ನು ಮೊದಲೇ ಬರೆಯಿರಿ, ಕೊನೆಗೆ ಬರೆದರೆ ಜಾಗ ಸಾಲುವುದಿಲ್ಲ. ಕೆಳಗೆ ಒಂದು ಸಾಲು: ಎಷ್ಟು ತಟ್ಟೆ ಹೋಯಿತು, ಎಷ್ಟು ಉಳಿಯಿತು, ಯಾಕೆ. 'ಮಳೆ. 68 ಹೋಯಿತು. 12 ಉಳಿಯಿತು.' ಇಷ್ಟೇ ಸಾಕು.

ಎರಡು ತಿಂಗಳು ಬರೆದು ಹಾಳೆ ತಿರುವಿ ನೋಡಿ. ಸಂತೆಯ ದಿನ ಒಂಬತ್ತಕ್ಕೇ ಖಾಲಿಯಾಗಿ ಗಿರಾಕಿ ವಾಪಸ್ ಹೋಗಿರುತ್ತಾರೆ. ಸಂತೆಯ ಮರುದಿನ ಪ್ರತಿ ಸಲವೂ ಹತ್ತು ಹನ್ನೆರಡು ತಟ್ಟೆ ಉಳಿದಿರುತ್ತದೆ. ಇದು ಮನಸ್ಸಿಗೆ ಮರೆತುಹೋಗುತ್ತದೆ, ಹಾಳೆಗೆ ಮರೆಯುವುದಿಲ್ಲ. ಆಮೇಲೆ ಸಂತೆಯ ಹಿಂದಿನ ರಾತ್ರಿ ಅರ್ಧ ಕಿಲೋ ಅಕ್ಕಿ ಹೆಚ್ಚು ನೆನೆಹಾಕಿ, ಸಂತೆಯ ರಾತ್ರಿ ಅರ್ಧ ಕಿಲೋ ಕಡಿಮೆ.